ತೀರ್ಥ ಬಿದ್ದ ಓಟ್ಸಿನ ಡಬ್ಬಿ

ಕಂಪ್ಲಿಯ ಅಕ್ಕಿ ಮಿಲ್ಲಿನ ಮನೆಯ ಸಂಗಮ್ಮನಿಗೆ ಒಂದು ಚಾಳಿ ಇತ್ತು. ಕಾಳಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿದ ಕೈಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಂಪು ಹತ್ತಿದರೆ ಮತ್ತೆ ಒರೆಸುವುದು. ಕೆನ್ನೆ ಒಪ್ಪಿದ ಮೇಲೆಯೇ ಮುಚ್ಚಳಕ್ಕೆ ಕೈ. ಮನೆಗೆ ಬಂದ ಹೆಂಗಸರು ನಕ್ಕರೆ ತಾನೂ ನಗುತ್ತಿದ್ದಳು, ಆದರೆ ಒರೆಸುವುದನ್ನು ಬಿಡುತ್ತಿರಲಿಲ್ಲ. ಈ ಚಾಳಿ ಅವಳಿಗೆ ಅಂಟಿದ್ದು ಅದೇ ಮನೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಅವಳ ಮೂರನೆಯ ಬಾಣಂತನದಲ್ಲಿ. ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿನವರ ಕೈಯಲ್ಲಿದ್ದ ಕಾಲ ಅದು.

ಸಂಗಮ್ಮನ ತವರು ಮಲಪನಗುಡಿ. ಜೋಳದ ಹೊಲದವರು, ರೊಟ್ಟಿ ತಿನ್ನುವ ಮಂದಿ. ತಾಯಿ ಇಲ್ಲದ ಹುಡುಗಿಯನ್ನು ಅಪ್ಪ ಹೊಲದ ಬದುವಿನ ಮೇಲೆ ಕೂರಿಸಿಕೊಂಡು ಬೆಳೆಸಿದ್ದ. ಅಂಥವಳಿಗೆ ಕಂಪ್ಲಿಯ ಮಿಲ್ಲಿನ ಮನೆಯ ಸಂಬಂಧ ಕೂಡಿಬಂದಾಗ ಊರ ಹೆಂಗಸರೆಲ್ಲ ಅವಳ ಅಂಗೈ ಹಿಡಿದು ನೋಡಿದ್ದರು. "ಇನ್ನ ಈ ಕೈಗೆ ಬೀಸೋದಿಲ್ಲ, ಕುಟ್ಟೋದಿಲ್ಲ. ಪುಣ್ಯ ಮಾಡಿದ್ದಿ ಬಿಡವ್ವಾ" ಎಂದಿದ್ದರು.

ಅದು ಸುಳ್ಳೇನೂ ಅಲ್ಲ. ಅತ್ತೆ ಮರುಳಸಿದ್ದಮ್ಮ ತನ್ನ ಕಾಲದಲ್ಲಿ ಒನಕೆ ಹಿಡಿದು ಹಿಡಿದು ಅಂಗೈಯನ್ನು ಎಕ್ಕಡದಂತೆ ಮಾಡಿಕೊಂಡವಳು. ಬಸಿರಿಯಾಗಿದ್ದಾಗಲೂ ಭತ್ತ ಕುಟ್ಟಿದವಳು. ಹಿತ್ತಲಾಚೆ ಎಣ್ಣೆ ಇಂಜಿನ್ನಿನ ಮಿಲ್ಲು ಕೂತ ದಿನ ಅವಳು ಒನಕೆಯನ್ನು ತಾನೇ ಹೊತ್ತು ಅಟ್ಟದ ಮೇಲೆ ಹಾಕಿದಳು. "ನನ್ನ ಸೊಸಿ ಇದನ್ನ ಮುಟ್ಟಬಾರದು. ಮಲ್ಲಿಗಿ ಹೂವಿನಂಥ ಅಕ್ಕಿ ಉಣ್ಣಬೇಕು ಆಕಿ" ಎಂದಳು. ಆ ಮನೆಯಲ್ಲಿ ಹೊಟ್ಟು, ತೌಡು ಎಲ್ಲ ಎಮ್ಮೆಗಳಿಗೆ. ಮನುಷ್ಯರಿಗೆ ಬಿಳಿ ಅನ್ನ, ಮೂರು ಹೊತ್ತೂ.

ಸಂಗಮ್ಮನಿಗೆ ಎರಡು ಕೂಸುಗಳು ಹುಟ್ಟಿದವು, ಎರಡೂ ಹೋದವು. ಹೋದ ರೀತಿಯೂ ಒಂದೇ. ಹುಟ್ಟುವಾಗ ದುಂಡಗೆ ಇರುತ್ತಿದ್ದವು. ಮೂರನೆಯ ತಿಂಗಳಿಗೆ ಹಾಲು ಕಕ್ಕುವುದು, ಉಬ್ಬಸ. ಆಮೇಲೆ ದನಿ ಒಡೆಯುತ್ತಿತ್ತು. ಕಡೆಕಡೆಗೆ ಕೂಸು ಬಾಯಿ ತೆರೆದು ಮುಖ ಕೆಂಪಗೆ ಮಾಡಿ ಅಳುತ್ತಿತ್ತು, ಆದರೆ ಸಪ್ಪಳವೇ ಇಲ್ಲ. ಗೋಡೆಯಾಚೆ ನಿಂತವರಿಗೆ ಕೂಸು ಮಲಗಿದೆ ಅನ್ನಿಸುತ್ತಿತ್ತು. ಬಾಯಿ ತೆರೆದು ಸದ್ದಿಲ್ಲದೆ ಅಳುವ ಆ ಮುಖ ಸಂಗಮ್ಮನ ಕಣ್ಣಿಂದ ಹೋಗಿರಲಿಲ್ಲ. ಊರವರು ದೃಷ್ಟಿ ಎಂದರು, ಗಾಳಿ ಎಂದರು. ಮರುಳಸಿದ್ದಮ್ಮ ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು.

ಮೂರನೆಯದು ಹೆಣ್ಣು. ಹೆರಿಗೆ ಕಷ್ಟವಾಗಿ, ಗಂಡ ಜಡೆಪ್ಪ ಹೊಸಪೇಟೆಯಿಂದ ಡಾಕ್ಟರಮ್ಮನನ್ನು ಮೋಟಾರಿನಲ್ಲಿ ಕರೆತಂದ. ಮದ್ರಾಸಿನಲ್ಲಿ ಓದಿ ಬಂದ ಹೆಂಗಸು, ಕನ್ನಡದೊಳಗೆ ತೆಲುಗು ಬೆರೆಸಿ ಮಾತಾಡುವವಳು. ಕೂಸನ್ನು ತೆಗೆದು, ಕೈ ತೊಳೆದುಕೊಂಡು ಹೊರಡಬೇಕಾದವಳು ಸಂಗಮ್ಮನ ಊದಿದ ಕಾಲು ನೋಡಿ ನಿಂತಳು. ಅಂಗಾಲನ್ನು ಉಗುರಿನಿಂದ ಗೀರಿದಳು.

"ಗೊತ್ತಾಯಿತೇನಮ್ಮಾ?"

"ಇಲ್ರೀ. ಜೋಮು ಹಿಡ್ದಂಗೈತಿ. ಭಾಳ ದಿನ ಆತು."

"ಮೊದಲಿನ ಕೂಸುಗಳು ಹ್ಯಾಗೆ ಹೋದವು?"

ಸಂಗಮ್ಮ ಹೇಳಿದಳು. ದನಿ ಹೋದದ್ದನ್ನು ಹೇಳುವಾಗ ಡಾಕ್ಟರಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಪಡಸಾಲೆಗೆ ಹೋಗಿ ಮಾತಾಡಿದ್ದೆಲ್ಲ ಬಾಗಿಲ ಸಂದಿಯಿಂದ ಸಂಗಮ್ಮನಿಗೆ ಕೇಳಿಸಿತು.

"ಅಕ್ಕಿಯ ಮೇಲಿನ ಕೆಂಪು ಪೊರೆಯೊಳಗೇ ಸತ್ವ ಇರೋದು. ಅದನ್ನ ನೀವು ಹೆರೆದು ಎಮ್ಮೆಗೆ ಹಾಕ್ತೀರಿ. ತಾಯಿಯ ಮೈಯೊಳಗೇ ಇಲ್ಲದ್ದು ಹಾಲೊಳಗೆ ಎಲ್ಲಿಂದ ಬರಬೇಕು? ಆಕೆಗೆ ರೊಟ್ಟಿ ಕೊಡ್ರಿ, ನವಣೆ ಕೊಡ್ರಿ, ಕುಟ್ಟಿದ ಅಕ್ಕಿ ಕೊಡ್ರಿ. ಮಿಲ್ಲಿನ ಬಿಳಿ ಅಕ್ಕಿ ಮಾತ್ರ ಬ್ಯಾಡ."

"ಬಾಣಂತಿಗಿ ರೊಟ್ಟಿ ಕೊಟ್ರ ವಾಯು ಆಗಿ ಸಾಯ್ತಾಳ ತಾಯೀ" ಎಂದಳು ಮರುಳಸಿದ್ದಮ್ಮ.

ಜಡೆಪ್ಪ ಬೇರೆಯೇ ಮಾತು ತೆಗೆದ. "ಮೆಲ್ಲಕ ಮಾತಾಡ್ರಿ, ಹಮಾಲ್ರು ಅದಾರ. ಮಿಲ್ಲಿನ ಮನಿ ಸೊಸಿ ಮಿಲ್ಲಿನ ಅಕ್ಕಿ ಉಣ್ಣಂಗಿಲ್ಲಂತ ಅಂದ್ರ ನಾಳಿಗೆ ನಮ್ಮ ಅಂಗಳಕ್ಕ ಭತ್ತದ ಗಾಡಿ ಬರ್ತಾವೇನ್ರಿ?"

ಡಾಕ್ಟರಮ್ಮ ತನ್ನ ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದಳು. ತನಗೆಂದು ಮದ್ರಾಸಿನಿಂದ ತರಿಸಿಕೊಂಡ ಓಟ್ಸು. ಹಡಗಿನಲ್ಲಿ ಬಂದ ಸೀಮೆಯ ಧಾನ್ಯ, ಸಿಪ್ಪೆ ತೆಗೆದು ಚಪ್ಪಟೆ ಮಾಡಿದ್ದು, ಆದರೆ ಮೇಲಿನ ಪೊರೆ ಹೋಗದ್ದು. "ಹಂಗಾದರೆ ಇದನ್ನ ಔಷಧ ಅಂತ ತಿಳ್ಕೊಳ್ರಿ. ದಿನಾ ಒಂದು ಬಟ್ಟಲು, ಮೆತ್ತಗೆ ಬೇಯಿಸಿ, ಹಾಲು ಹಾಕಿ. ಹೊಟ್ಟೆ ತುಂಬುತ್ತೆ, ರಕ್ತ ಆಗುತ್ತೆ, ನರಕ್ಕೆ ಬಲ ಬರುತ್ತೆ. ಮುಚ್ಚಳ ಮಾತ್ರ ಬಿಗಿ ಇರಬೇಕು, ನೋಡಿಕೊಳ್ರಿ."

ಔಷಧ ಎಂದ ಮೇಲೆ ಯಾರೂ ಬೇಡ ಎನ್ನಲಿಲ್ಲ. ರೊಟ್ಟಿಗೆ, ನವಣೆಗೆ ಮುಚ್ಚಿದ ಬಾಗಿಲು ತಗಡಿನ ಡಬ್ಬಿಗೆ ತೆರೆಯಿತು.

ಬಾಣಂತಿ ಕೋಣೆ ಎಂದರೆ ಹೇಗಿರುತ್ತದೆ, ಹೆತ್ತವರಿಗೆ ಹೇಳಬೇಕಾಗಿಲ್ಲ. ಕಿಟಕಿ ಇಲ್ಲ. ಮಂಚದ ಕೆಳಗೆ ಕೆಂಡದ ಕುಂಡ. ಲೋಬಾನದ ಹೊಗೆ ತೊಲೆಗೆ ತಗುಲಿ ಮತ್ತೆ ಕೆಳಗೇ ಬರುತ್ತದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುಡಿಯಲು ಗುಟುಕು ನೀರು. ಗಾಳಿ ನುಗ್ಗದಂತೆ, ಯಾರ ಕಣ್ಣೂ ಬೀಳದಂತೆ ಬಾಗಿಲಿಗೆ ಹೊರಗಿನಿಂದ ಚಿಲಕ. ಹಗಲು ಹುಟ್ಟಿತು ಎನ್ನುವುದು ಸಂಗಮ್ಮನಿಗೆ ಮಿಲ್ಲಿನ ಡುಗುಡುಗು ಶುರುವಾದಾಗ ಗೊತ್ತಾಗಬೇಕು, ಇಳಿಯಿತು ಎನ್ನುವುದು ಅದು ನಿಂತಾಗ. ಗೋಡೆಗೆ ಬೆನ್ನು ಕೊಟ್ಟರೆ ಆ ಅದುರು ಬೆನ್ನೊಳಗೆ ಇಳಿಯುತ್ತಿತ್ತು. ಅವಳು ಉಣ್ಣುವ ಅನ್ನ ಅಲ್ಲೇ ಬೆಳ್ಳಗಾಗುತ್ತಿತ್ತು.

ಆ ಕೋಣೆಗೆ ಬರುವವರು ಇಬ್ಬರೇ. ನೀರೆರೆಯಲು ಬರುವ ಹುಲುಗಮ್ಮ ಒಬ್ಬಳು, ಅತ್ತೆ ಇನ್ನೊಬ್ಬಳು.

ಹುಲುಗಮ್ಮನ ಕೈ ಎಷ್ಟು ಬಿರುಸೋ ಬಾಯಿ ಅದಕ್ಕಿಂತ ಬಿರುಸು. ಡಬ್ಬಿಯೊಳಗೆ ಮೂಗು ತೂರಿಸಿ ನೋಡಿ, "ಯವ್ವಾ, ಇದು ದೊರಿಗಳ ಕುದುರಿ ತಿನ್ನೋದು! ರಾಮನದುರ್ಗದ ಬೆಟ್ಟದ ಮ್ಯಾಲೆ ನಮ್ಮ ಮಾವ ಲಾಯ ಬಳಿತಿದ್ದ, ಚೀಲಗಟ್ಲೆ ನೋಡ್ಯಾನ" ಎಂದಳು.

"ಕುದುರಿ ಎಂದಾರ ಕುಂಟಿದ್ದು ನೋಡೀಯೇನು?" ಎಂದಳು ಸಂಗಮ್ಮ.

"ಇಲ್ಲ ಬಿಡು. ಆದ್ರ ನೀನು ತಿಂದು ಜಡೆಪ್ಪ ಧಣಿಗೆ ಒದ್ದೀಯ, ಹುಷಾರು."

ಮಲಗಿದ್ದ ಸಂಗಮ್ಮ ಬಾಣಂತನದಲ್ಲಿ ಮೊದಲ ಸಲ ನಕ್ಕಳು.

ಮರುಳಸಿದ್ದಮ್ಮನಿಗೆ ನಗು ಬರಲಿಲ್ಲ. ಅವಳಿಗೆ ಇನ್ನೊಂದು ಚಿಂತೆ. ಯಾವ ಊರಲ್ಲಿ ಯಾರು ಮುಟ್ಟಿದ್ದೋ, ಯಾವ ಹಡಗಿನಲ್ಲಿ ಯಾವುದರ ಪಕ್ಕ ಕೂತು ಬಂದದ್ದೋ. ಲಿಂಗ ಕಟ್ಟಿದ ಸೊಸೆಯ ಬಾಯಿಗೆ ಅದನ್ನು ಹಾಗೇ ಹಾಕುವುದು ಹೇಗೆ? ಬೇಡ ಎಂದರೆ ಕೂಸಿನ ಗತಿ ಏನು? ಯೋಚಿಸಿ ಯೋಚಿಸಿ ಅವಳೇ ದಾರಿ ಕಂಡುಕೊಂಡಳು. ದಿನಾ ಪೂಜೆ ಮುಗಿಸಿ, ತೀರ್ಥದ ಬಟ್ಟಲು ಹಿಡಿದೇ ಕೋಣೆಗೆ ಬರುವಳು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದು ಉದ್ಧರಣೆ ತೀರ್ಥ ಡಬ್ಬಿಯೊಳಗೆ ಬಿಟ್ಟು, "ಈಗ ಇದು ನಮ್ಮದಾತು. ಉಣ್ಣವ್ವಾ" ಎನ್ನುವಳು. ಒಂದು ಹಿಡಿ ತೆಗೆದುಕೊಂಡು, ಡಾಕ್ಟರಮ್ಮ ಹೇಳಿದ ಮಾತು ತಪ್ಪಬಾರದೆಂದು ಮುಚ್ಚಳವನ್ನು ಅಂಗೈಯಿಂದ ಗುದ್ದಿ ಬಿಗಿ ಮಾಡಿ, ಕೆಂಡದ ಕುಂಡದ ಬಳಿ ಬೆಚ್ಚಗೆ ಇಡುವಳು. ಸಂಗಮ್ಮ ಮಲಗಿದಲ್ಲಿಂದಲೇ ಕೈ ಮುಗಿಯುವಳು.

ಮೊದಮೊದಲು ಆ ಗಂಜಿ ಅಮೃತದಂತೆ ಹತ್ತಿತು. ಬಿಳಿ ಅನ್ನ, ಮೆಣಸಿನ ಪುಡಿ, ತುಪ್ಪ ಇಷ್ಟನ್ನೇ ಉಂಡ ಬಾಯಿಗೆ ಅದು ತವರಿನ ನುಚ್ಚಿನ ನೆನಪು ತಂದಿತು. ಹಸಿವು ಬೇಗ ಕೆರಳುತ್ತಿರಲಿಲ್ಲ. ಮಲವಿಸರ್ಜನೆ ಸಲೀಸಾಯಿತು. ಅಂಗಾಲಿನ ಜೋಮು ಹಿಮ್ಮಡಿಯಲ್ಲಷ್ಟೇ ಉಳಿಯಿತು. ಎದೆ ತುಂಬಿ ರವಿಕೆ ಒದ್ದೆಯಾಗುತ್ತಿತ್ತು. ಕೂಸು ಕುಡಿದು ಕುಡಿದು ಬಾಯಿಯ ಮೂಲೆಯಲ್ಲಿ ಹಾಲು ಸುರಿಸುತ್ತ ನಿದ್ದೆ ಹೋಗುತ್ತಿತ್ತು. ಎದ್ದರೆ ತೊಲೆ ನಡುಗುವಂತೆ ಅಳುತ್ತಿತ್ತು.

ಆಮೇಲೆ ಗಂಜಿ ಕಹಿಯಾಗತೊಡಗಿತು.

ಔಷಧ ಕಹಿ ಇರಬೇಕಾದ್ದೇ ಎಂದು ಸಂಗಮ್ಮ ಅಂದುಕೊಂಡಳು. ನಾಲಿಗೆಯ ಹಿಂದೆ ಮಣ್ಣಿನ ವಾಸನೆ ನಿಂತಿತು. ಹೊಗೆ ಕುಡಿದು ಕುಡಿದು ಮೂಗು ಕೆಟ್ಟಿದೆ ಎಂದುಕೊಂಡಳು. ಕತ್ತಲೆಯಲ್ಲಿ ಬಟ್ಟಲಿನ ಬಣ್ಣ ಯಾರಿಗೆ ಕಾಣಬೇಕು? ಕಹಿ ಹೆಚ್ಚಿದಷ್ಟೂ ಔಷಧ ನಾಟುತ್ತಿದೆ ಎಂದು ಮೂಗು ಮುಚ್ಚಿ ನುಂಗಿದಳು. ಅತ್ತೆಯೂ, "ನಾಟ್ಲಿ ತಗಾ, ಕೂಸಿಗೆ ಒಳ್ಳೇದಾಗ್ಲಿ" ಎಂದು ಬೆನ್ನು ಸವರಿದಳು.

ಒಂದು ಬೆಳಿಗ್ಗೆ ಗಂಜಿ ಒಳಗೆ ನಿಲ್ಲಲಿಲ್ಲ. ವಾಂತಿ, ಅದರ ಹಿಂದೆಯೇ ಭೇದಿ. ತೊಲೆ ತಿರುಗಿತು, ಮಂಚ ತಿರುಗಿತು. ಇಳಿಹೊತ್ತಿಗೆ ಕೂಸನ್ನು ಎತ್ತಿಕೊಳ್ಳಲು ತೋಳಿನಲ್ಲಿ ತ್ರಾಣವಿರಲಿಲ್ಲ. ಜಡೆಪ್ಪ ಪಡಸಾಲೆಯಲ್ಲಿ ಕೂಗಾಡಿದ. "ಕುದುರಿ ಮೇವು ತಿನ್ನಿಸಿ ನನ್ನ ಹೆಂಡ್ತಿನ ಕೊಲ್ಲಾಕ ಹತ್ತಿದ್ರು! ಆ ಡಾಕ್ಟರಮ್ಮ ಇನ್ನ ಈ ಹೊಸ್ತಿಲು ದಾಟಿದ್ರ ನೋಡ್ರಿ!" ಡಬ್ಬಿಯನ್ನು ತಿಪ್ಪೆಗೆ ಎಸೆಯಲು ಹುಲುಗಮ್ಮನಿಗೆ ಹೇಳಿದರು. ಕೋಣೆಯೊಳಗೆ ಮತ್ತೆ ಬರೀ ಬಿಳಿ ಅನ್ನ ಬಂತು, ಮೆಣಸಿನ ಪುಡಿ ಬಂತು. ಚಿಲಕ ಹಾಕಿದ ಸದ್ದು ಅವತ್ತು ಬೇರೆಯಾಗಿ ಕೇಳಿಸಿತು.

ಸಂಗಮ್ಮ ಚೇತರಿಸಿಕೊಂಡಳು, ಹಾಲು ಚೇತರಿಸಿಕೊಳ್ಳಲಿಲ್ಲ. ಜೋಮು ಮತ್ತೆ ಬಂದು, ಈ ಸಲ ಮೊಣಕಾಲಿಗೇ ಏರಿತು. ಕೂಸಿಗೆ ಮೂರನೆಯ ತಿಂಗಳು ಹಿಡಿಯಿತು.

ಆ ತಿಂಗಳು ಸಂಗಮ್ಮ ಉಸಿರು ಬಿಗಿಹಿಡಿದು ಕೂಸಿನ ಅಳುವಿಗೆ ಕಿವಿಗೊಟ್ಟಳು. ಕಿವಿಯ ಹತ್ತಿ ಕಿತ್ತು ಬಿಸಾಡಿದಳು. ಬೇರೆ ತಾಯಂದಿರು ಕೂಸು ಅತ್ತರೆ ಹೆದರುತ್ತಾರೆ, ಇವಳು ಅಳದಿದ್ದರೆ ಹೆದರುವಳು. ಕೂಸು ಸುಮ್ಮನೆ ಮಲಗಿದರೆ ಅಂಗಾಲು ಚಿವುಟಿ ಎಬ್ಬಿಸುವಳು. ದನಿ ಕೇಳಿ, "ಐತಿ, ಇನ್ನೂ ಐತಿ" ಎಂದು ಎದೆಗೊತ್ತಿಕೊಳ್ಳುವಳು. ಬಾಗಿಲು ತಟ್ಟಿ ಕೂಗಬೇಕೆನ್ನಿಸುತ್ತಿತ್ತು. ಕೂಗಿ ಏನೆನ್ನಬೇಕು? ನಿಮ್ಮ ಅಕ್ಕಿ ಬೇಡ ಎನ್ನಬೇಕೆ? ಆ ಮನೆಯ ಗೋಡೆ, ತೊಲೆ, ಅವಳು ಮಲಗಿದ ಮಂಚ ಎಲ್ಲ ಆ ಅಕ್ಕಿಯಿಂದಲೇ ಆದದ್ದು.

ಹಾಗಿರುವಾಗ ಒಂದು ದಿನ ಎರೆಯುತ್ತ ಹುಲುಗಮ್ಮ ತನ್ನ ಮಾತಿನ ಓಟದಲ್ಲಿ ಹೇಳಿದಳು. "ಆ ಡಬ್ಬಿ ತಿಪ್ಪಿಗೆ ಒಗೀಲಿಲ್ಲವ್ವಾ, ತಗಡು ಮಸ್ತ್ ಇತ್ತು. ಖಾರಪುಡಿಗೆ ಆಗ್ತೈತಂತ ಮನಿಗೆ ಒಯ್ದೆ. ಒಳಗ ಏನಿತ್ತಂತಿ? ಹೆಂಟಿ ಕಟ್ಟಿತ್ತು, ಹಗೇವಿನ ಬಾಯಾಗಿನ ಜೋಳ ಇದ್ದಂಗ! ಹಸಿರು ಬೂಷ್ಟು, ಮುಗ್ಗು ನಾತ. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದೋದ್ವು."

ಸಂಗಮ್ಮನ ಮೈಮೇಲೆ ಬಿಸಿನೀರು ಸುರಿಯುತ್ತಿದ್ದರೂ ಬೆನ್ನು ತಣ್ಣಗಾಯಿತು.

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ತವರಿನಲ್ಲಿ ಅಪ್ಪ ಹಗೇವು ತೆಗೆಯುವ ದಿನ ಅವಳು ಪಕ್ಕದಲ್ಲೇ ಕೂತಿರುತ್ತಿದ್ದಳು. ಬಾಯಿಯ ಹತ್ತಿರದ ಕಾಳು ಮಳೆಯ ತೇವ ಕುಡಿದು ಮುಗ್ಗಾಗಿರುತ್ತಿತ್ತು. ಅದನ್ನು ಅಪ್ಪ ಬುಟ್ಟಿಗಟ್ಟಲೆ ಹಳ್ಳಕ್ಕೆ ಸುರಿಸುತ್ತಿದ್ದ. "ಇದನ್ನ ದನಕ್ಕೂ ಹಾಕಬಾರದು ಮಗಳ. ಒಳಗಿನ ಕಾಳು ನೋಡು, ಬಂಗಾರ ಇದ್ದಂಗೈತಿ. ಕಾಳಿಂದೇನು ತಪ್ಪು? ನೀರಿಂದು" ಎನ್ನುತ್ತಿದ್ದ.

ಆ ಕಹಿ, ಆ ಮಣ್ಣಿನ ವಾಸನೆ. ಅದು ಔಷಧದ್ದಲ್ಲ, ಮುಗ್ಗಿನದು. ಡಬ್ಬಿಯೊಳಗೆ ನೀರು ಬಿದ್ದದ್ದು ಎಲ್ಲಿಂದ ಎನ್ನುವುದು ಅವಳ ಕಣ್ಣೆದುರಿಗೇ ಇತ್ತು. ಅವಳೇ ಕೈ ಮುಗಿದಿದ್ದಳಲ್ಲ!

ಈಗ ಸಂಗಮ್ಮನಿಗೆ ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಿದಂತಾಯಿತು. ಹೇಳಿದರೆ ದೇವರ ತೀರ್ಥವನ್ನು ವಿಷ ಎಂದಂತೆ. ಹೇಳಿದರೆ, ತನಗಾಗಿ ಒನಕೆಯನ್ನು ಅಟ್ಟಕ್ಕೆ ಹಾಕಿದ ಅತ್ತೆಯೇ ತನಗೆ ವಿಷ ಉಣಿಸಿದಳು ಎಂದಂತೆ. ಹೇಳದಿದ್ದರೆ ಡಾಕ್ಟರಮ್ಮ ಬರುವುದಿಲ್ಲ, ಓಟ್ಸು ಬರುವುದಿಲ್ಲ. ಬರುವುದು ಬಿಳಿ ಅನ್ನ. ಅದರ ಹಿಂದೆ ಸದ್ದಿಲ್ಲದ ಅಳು. ಅತ್ತೆ ಬಂದು ಹೋದಾಗಲೆಲ್ಲ ಮಾತು ಹಲ್ಲಿನವರೆಗೆ ಬಂದು ತಿರುಗಿ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಇಂಜಿನ್ನಿಗೆ ಎಣ್ಣೆ ಹಾಕಲು ಮಿಲ್ಲು ನಿಲ್ಲಿಸಿದರು. ಗೋಡೆಯ ಅದುರು ನಿಂತಿತು. ಮರುಳಸಿದ್ದಮ್ಮ ಅನ್ನದ ತಟ್ಟೆ ತಂದು ಇಡುತ್ತಿದ್ದಳು. ಆ ನಿಶ್ಶಬ್ದದಲ್ಲಿ ಕೂಸು ಎದ್ದು ಬಾಯಿ ತೆರೆಯಿತು. ಬಂದದ್ದು ಹರಿದ ಬಟ್ಟೆ ಎಳೆದಂಥ ಒಂದು ಸಣ್ಣ ಸದ್ದು. ತಟ್ಟೆ ಹಿಡಿದ ಮುದುಕಿಯ ಕೈ ಅರ್ಧಕ್ಕೇ ನಿಂತಿತು. ಇಬ್ಬರಿಗೂ ಆ ಸದ್ದಿನ ಗುರುತಿತ್ತು.

"ಅತ್ತೀ" ಎಂದಳು ಸಂಗಮ್ಮ. "ನೀವು ಸಣ್ಣಾಕಿ ಇದ್ದಾಗ ನಿಮ್ಮ ಕೂಸುಗಳು ಹಿಂಗ ಅತ್ತಿದ್ವೇನ್ರಿ?"

"ಎಲ್ಲೀದು? ನಾಕೂ ಊರು ಹಾರಿ ಹೋಗಂಗ ಅಳ್ತಿದ್ವು."

"ಆವಾಗ ಮಿಲ್ಲು ಇದ್ದಿಲ್ಲ. ನೀವು ಕುಟ್ಟಿದ ಅಕ್ಕಿ ಉಂಡು ಹಾಲು ಕೊಟ್ರಿ."

ಮರುಳಸಿದ್ದಮ್ಮನ ಕಣ್ಣು ತಟ್ಟೆಯೊಳಗಿನ ಬಿಳಿ ಅನ್ನದ ಮೇಲೆ ಬಿತ್ತು.

"ಆ ಡಬ್ಬಿಯೊಳಗಿಂದು ಛಲೋ ಇತ್ರಿ. ಮೊದ್ಲು ಉಂಡಾಗ ಇದರ ದನಿ ಹೆಂಗಿತ್ತು, ನೀವಾ ಕೇಳೀರಿ. ಆಮ್ಯಾಲೆ ಮುಗ್ಗು ಹಿಡೀತು." ಸಂಗಮ್ಮ ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು. "ನೀರು ತಾಗಿದ ಕಾಳು ನಮ್ಮಪ್ಪ ದನಕ್ಕೂ ಹಾಕ್ತಿದ್ದಿಲ್ಲ. ಯಾವ ನೀರಾದ್ರೂ ಕಾಳಿಗೆ ನೀರಾ ಅಲ್ಲೇನ್ರಿ?"

"ಏನಂದಿ?" ಮುದುಕಿಯ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ತಾಗಿ ಸದ್ದಾಯಿತು. "ನನ್ನ ಕೈಯಾರ ನಾನು..."

"ನಿಮ್ಮ ಕೈದು ಅಂತ ನಾನು ಹೊರಗ ಯಾರ ಮುಂದೂ ಅನ್ನಂಗಿಲ್ಲ. ಜೀವ ಇರೋತನ ಅನ್ನಂಗಿಲ್ಲ. ಇದನ್ನ ಉಳಿಸಿಕೊಡ್ರಿ."

ಮರುಳಸಿದ್ದಮ್ಮ ಹೊರಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಸಂಗಮ್ಮ ಕತ್ತಲಲ್ಲಿ ಕೂಸನ್ನು ಅವಚಿಕೊಂಡು, ಆಡಿದ ಮಾತನ್ನು ವಾಪಸು ನುಂಗಲಾಗದೆ ಕೂತಳು. ಮಿಲ್ಲು ಮತ್ತೆ ಶುರುವಾಯಿತು. ಅದರ ಗದ್ದಲದಲ್ಲಿ ಮನೆಯ ಯಾವ ಮಾತೂ ಕೇಳಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪಡಸಾಲೆಯಿಂದ ಅತ್ತೆಯ ದನಿ ಇಂಜಿನ್ನಿನ ದನಿಯನ್ನೂ ಮೀರಿ ಬಂತು.

"ಜಡೆಪ್ಪಾ! ಮೋಟರು ಹಿಡಿದು ಹೊಸಪೇಟಿಗೆ ಹೋಗು. ಡಾಕ್ಟರಮ್ಮನ್ನ ಕರ್ಕೊಂಡು ಬಾ."

"ಆಕಿನ್ನಾ? ಆ ಕುದುರಿ ಮೇವು ಕೊಟ್ಟಾಕಿನ್ನಾ?"

"ಮೇವಿಂದು ತಪ್ಪಿಲ್ಲ."

"ಮತ್ಯಾರ್ದು?"

"ನಿನ್ನ ಹೆತ್ತಾಕಿ ಹೇಳಾಕತ್ತೀನಿ, ಹೋಗು. ಬರುವಾಗ ಇನ್ನೊಂದು ಡಬ್ಬಿ ಇಸ್ಕೊಂಡು ಬಾ."

ಡಾಕ್ಟರಮ್ಮ ಮರುದಿನ ಬಂದಳು. ಕೂಸಿನ ತೊಡೆಗೆ ಸೂಜಿ ಚುಚ್ಚಿದಳು. "ಇದು ಕೂಸಿಗೆ ಆಸರೆ ಮಾತ್ರ. ಮುಂದೆ ತಾಯಿಯ ಹಾಲೇ ಹೊರಬೇಕು" ಎಂದಳು. ಹಳೆಯ ಡಬ್ಬಿಗೆ ಏನಾಯಿತೆಂದು ಕೇಳಿದಳು. ತೇವ ತಾಗಿತ್ತು ಎಂದಳು ಸಂಗಮ್ಮ. ಡಾಕ್ಟರಮ್ಮ ಹಣೆ ಒತ್ತಿಕೊಂಡಳು. "ಮುಚ್ಚಳ ಬಿಗಿ ಅಂತ ಹೇಳಿದೆ, ಯಾಕೆ ಅಂತ ಹೇಳಲಿಲ್ಲ ನಾನು. ಒಳಗೆ ತೇವ ಇದ್ದರೆ ಬಿಗಿ ಮುಚ್ಚಳವೇ ಕೆಡಿಸುತ್ತೆ. ಒಣಗಿರಬೇಕಮ್ಮಾ. ಕೈ ಒಣಗಿರಬೇಕು, ಸೌಟು ಒಣಗಿರಬೇಕು. ಹುಳ ಕಂಡರೆ, ಕಹಿ ಕಂಡರೆ ಬಿಸಾಡಬೇಕು. ಔಷಧ ಅಂತ ನುಂಗಬಾರದು."

ಆಕೆ ಹೋದ ಮೇಲೆ ಮರುಳಸಿದ್ದಮ್ಮ ಹೊಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೋಣೆಯ ಹೊಸ್ತಿಲಲ್ಲಿ ಕೂತಳು. ತೀರ್ಥದ ಬಟ್ಟಲು ಪಕ್ಕದಲ್ಲೇ ಇತ್ತು. ಸಂಗಮ್ಮ ಮಂಚದ ಮೇಲಿಂದ ನೋಡುತ್ತಿದ್ದಳು. ಮುದುಕಿ ಬಟ್ಟಲನ್ನು ಆಚೆ ಸರಿಸಿದಳು. ಕರಡಿಗೆಯಿಂದ ವಿಭೂತಿಯ ಗಟ್ಟಿ ತೆಗೆದು, ಒಣಗಿದ ಬೆರಳಿನಿಂದ ಡಬ್ಬಿಯ ಹೊರಮೈಗೆ ಮೂರು ಪಟ್ಟೆ ಎಳೆದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿ, ಕೆನ್ನೆಗೆ ಒತ್ತಿ ನೋಡಿ, ಮುಚ್ಚಳ ತೆಗೆದಳು. ಡಬ್ಬಿ ಅಂದಿನಿಂದ ನೀರಿನ ಕೊಡದಿಂದ ದೂರ, ತೊಲೆಗೆ ಕಟ್ಟಿದ ನೆಲುವಿನಲ್ಲಿ ತೂಗಿತು.

ಇನ್ನೊಂದು ಸದ್ದು ಕೇಳಿಸಿದ್ದು ಅದರ ಮರುದಿನ ಬೆಳಿಗ್ಗೆ, ಮಿಲ್ಲು ಶುರುವಾಗುವ ಮುಂಚೆ. ಧಪ್, ಧಪ್. ಸಂಗಮ್ಮನಿಗೆ ಮೊದಲು ತವರಿನ ಕನಸು ಎನ್ನಿಸಿತು. ಹುಲುಗಮ್ಮ ನೀರು ಹೊತ್ತು ಬಂದು ಕಣ್ಣರಳಿಸಿ ಹೇಳಿದಳು. "ದೊಡ್ಡವ್ವ ಅಟ್ಟದ ಮ್ಯಾಲಿನ ಒನಕಿ ಇಳಿಸ್ಯಾಳ! ಧಣಿ ಬಾಯಿ ಬಾಯಿ ಬಡ್ಕೊಳ್ಳಾಕತ್ಯಾನ, ಮಿಲ್ಲಿನ ಮನ್ಯಾಗ ಒನಕಿ ಸದ್ದು ಅಂತ. ಆಕಿ ಏನಂದ್ಲು ಗೊತ್ತೇನು? ದೇವರ ನೈವೇದ್ಯಕ್ಕ ಕೈಲಿ ಕುಟ್ಟಿದ್ದಾ ಆಗ್ಬೇಕಂತ, ಹರಕಿ ಐತಂತ."

ನೈವೇದ್ಯದ ಆ ಕೆಂಪನ್ನ ಪ್ರಸಾದವಾಗಿ ಬಾಣಂತಿಯ ತಟ್ಟೆಗೆ ಬಂತು. ಪ್ರಸಾದ ಬೇಡ ಎನ್ನುವ ಧೈರ್ಯ ಜಡೆಪ್ಪನಿಗೂ ಇರಲಿಲ್ಲ. ಬೆಳಿಗ್ಗೆ ಓಟ್ಸಿನ ಗಂಜಿ, ಮಧ್ಯಾಹ್ನ ದೇವರ ಅನ್ನ.

ಬಾಗಿಲಿಗೆ ಚಿಲಕ ಹಾಗೇ ಇತ್ತು. ಮಿಲ್ಲು ಹಾಗೇ ಅಕ್ಕಿಯನ್ನು ಬೆಳ್ಳಗೆ ಮಾಡುತ್ತಿತ್ತು, ಗಾಡಿಗಳು ಅದನ್ನು ಹೊತ್ತು ಯಾರ ಯಾರ ಬಾಣಂತಿಯರಿಗೋ ಒಯ್ಯುತ್ತಿದ್ದವು. ಆ ಮಾತನ್ನು ಸಂಗಮ್ಮ ಆ ಮನೆಯಲ್ಲಿ ಆಡುವಂತಿರಲಿಲ್ಲ. ಮುಂದೆಯೂ ಗಟ್ಟಿಯಾಗಿ ಆಡಲಿಲ್ಲ. ಗೊತ್ತಿದ್ದವರ ಮನೆಯಲ್ಲಿ ಬಾಣಂತಿ ಎಂದರೆ ಸೆರಗಿನೊಳಗೆ ನವಣೆಯನ್ನೋ ಕುಟ್ಟಿದ ಅಕ್ಕಿಯನ್ನೋ ಮುಚ್ಚಿಕೊಂಡು ಹೋಗಿ, ದೇವರ ಪ್ರಸಾದ ಎಂದು ಇಟ್ಟು ಬರುತ್ತಿದ್ದಳು. ಅಷ್ಟೇ ಅವಳಿಗೆ ಸಿಕ್ಕ ದಾರಿ.

ಆದರೆ ಆ ವರ್ಷ, ಮೂರನೆಯ ತಿಂಗಳು ಕಳೆಯುವ ಹೊತ್ತಿಗೆ, ಒಂದು ಹಗಲು ಕೂಸು ಹಸಿದು ಎದ್ದು ಬಾಯಿ ತೆರೆಯಿತು. ಇಂಜಿನ್ನು ಓಡುತ್ತಿತ್ತು. ಆ ಗದ್ದಲದ ಮೇಲೆ ಕೂಸಿನ ಅಳು ಹತ್ತಿ ನಿಂತಿತು. ಹಮಾಲರು ಮೂಟೆ ಹೊತ್ತಲ್ಲೇ ತಿರುಗಿ ನೋಡಿದರಂತೆ. ಸಂಗಮ್ಮ ಗಡಬಡಿಸಿ ರವಿಕೆಯ ಗಂಟಿಗೆ ಕೈ ಹಾಕಿದಳು. ಚಿಲಕ ಸರಿಯಿತು. ಮರುಳಸಿದ್ದಮ್ಮ ಬಾಗಿಲನ್ನು ಅಗಲಕ್ಕೆ ತೆರೆದು, ಅಲ್ಲೇ ಗೋಡೆಗೆ ಒರಗಿ ಕೂತಳು. ಬೆಳಕು ಮಂಚದವರೆಗೂ ಬಂತು.

"ತಡಿಯವ್ವಾ" ಎಂದಳು ಮುದುಕಿ. "ಈಗ್ಲೇ ಸುಮ್ಮನ ಮಾಡಬ್ಯಾಡ. ಇನ್ನೊಂದೀಟು ಅಳ್ಲಿ."